ತೋಳಿಗೆ ಕಟ್ಟುವ ಬಿಪಿ ಮಷೀನು: ಎಚ್‌ಐವಿ ಇದ್ದು, ಎದ್ದ ಕೂಡಲೇ ತಲೆ ಸುತ್ತುವವರ ಮನೆಗೆ

ಬಾಗಲಕೋಟೆ ನವನಗರದ ಒಂದು ಮೆಡಿಕಲ್ ಶಾಪಿನಲ್ಲಿ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷೀನು ತಂದೆವು. ಎರಡು ಸಾವಿರದ ಆಸುಪಾಸು ಬಿತ್ತು. ತಂದಿದ್ದು ನಮ್ಮಣ್ಣನಿಗಾಗಿ. ಅವನಿಗೆ ಎಚ್‌ಐವಿ ಇದೆ. ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ತಪ್ಪಿಸುವುದಿಲ್ಲ, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣುವುದೂ ಇಲ್ಲ. ಆದರೂ ಹಾಸಿಗೆಯಿಂದ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಸುಮ್ನೆ ಕೂತಿದ್ದಾಗಲೂ ಎದೆ ಹೊಡೆದುಕೊಳ್ಳುತ್ತಿತ್ತು. "ಬಿಸಲಿಗೆ ಹಂಗ ಆಗ್ತದ, ಮಜ್ಜಿಗಿ ಕುಡಿ" ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದೇ ಹೇಳಿದ್ದು.

ಡಾಕ್ಟರು ಬಿಡಿಸಿ ಹೇಳಿದಾಗ ಅರ್ಥವಾಯಿತು. ಎದ್ದು ನಿಂತಾಗ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಆಗ ರಕ್ತನಾಳ ಬಿಗಿಯಾಗಬೇಕು, ಹೃದಯ ಸ್ವಲ್ಪ ಜೋರಾಗಿ ಬಡಿಯಬೇಕು. ಇದನ್ನೆಲ್ಲ ನಾವು ಹೇಳದೆಯೇ ನಡೆಸುವ ನರಗಳಿವೆ. ಎಚ್‌ಐವಿ ಇರುವ ಕೆಲವರಲ್ಲಿ ಈ ನರಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ವೈರಸ್ಸು, ಒಳಗಿನ ಉರಿಯೂತ, ಜೊತೆಗೆ ಶುಗರ್, ಬಿ12 ಕೊರತೆ, ಕುಡಿತ, ಯಾವುದೂ ಕಾರಣವಾಗಬಹುದು.

ಇದಕ್ಕೆ ಮೊದಲು ಆನ್‌ಲೈನಲ್ಲಿ ಮಣಿಕಟ್ಟಿಗೆ ಕಟ್ಟುವ ಮಷೀನು ತರಿಸಿದ್ದೆವು. ಅದನ್ನು ತರಿಸಬೇಡಿ. ಕೈ ಎದೆಯ ಮಟ್ಟಕ್ಕೆ ಇಲ್ಲದಿದ್ದರೆ ಅಂಕಿ ಬದಲಾಗುತ್ತದೆ, ತಲೆ ಸುತ್ತುತ್ತಾ ನಿಂತವರು ಕೈ ಅಲ್ಲಾಡಿಸದೆ ಹಿಡಿಯುವುದು ಹೇಗೆ ಅಲ್ವಾ? ತೋಳಿನ ಮಷೀನಿನಲ್ಲಿ ಈ ತೊಂದರೆ ಕಡಿಮೆ, ವೈನಿ ಅಣ್ಣನ ಮೊಳಕೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡರೆ ಸಾಕು. ಅಂಕಿ ದೊಡ್ಡದಾಗಿ ಕಾಣುತ್ತದೆ, ಹಳೆಯ ಅಳತೆಗಳೂ ಅದರಲ್ಲೇ ಉಳಿಯುತ್ತವೆ.

ತೋಳಿಗೆ ಸುತ್ತುವ ಪಟ್ಟಿಯ ಸೈಜು ಮಾತ್ರ ನೋಡಿಯೇ ದುಡ್ಡು ಕೊಡಿ. ಜೊತೆಗೆ ಬರುವುದು ಹೆಚ್ಚಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ಅಣ್ಣನಂತೆ ಹಿಂದೆ ಸ್ಟಾವುಡಿನ್ ಎಂಬ ಹಳೆಯ ಎಚ್‌ಐವಿ ಗುಳಿಗೆ ತೆಗೆದುಕೊಂಡು ಕೈಕಾಲಿನ ಕೊಬ್ಬು ಕರಗಿದವರ ತೋಳು ಅದಕ್ಕಿಂತ ಸಣ್ಣದಿರಬಹುದು. ಪಟ್ಟಿ ದೊಡ್ಡದಾದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಮ್ಮ ಅಂಗಡಿಯವರು ಟೇಪಿನಿಂದ ತೋಳು ಅಳೆದು ಸಣ್ಣ ಪಟ್ಟಿ ತರಿಸಿಕೊಟ್ಟರು. ಯಾಕೆ, ಯಾರಿಗೆ ಅಂತ ಒಂದು ಮಾತೂ ಕೇಳಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ನೋಡುವ ಕ್ರಮ ಹೀಗೆ. ಐದು ನಿಮಿಷ ಮಲಗಿಸಿ ಒಂದು ಸಲ, ಎದ್ದು ನಿಂತ ಒಂದು ನಿಮಿಷಕ್ಕೆ ಇನ್ನೊಂದು, ಮೂರನೇ ನಿಮಿಷಕ್ಕೆ ಮತ್ತೊಂದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮೇಲಿನ ಅಂಕಿ 20 ಇಲ್ಲವೇ ಕೆಳಗಿನದು 10 ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬಡಿತವನ್ನೂ ಬರೆಯಿರಿ, ಇದು ಬಹಳ ಮುಖ್ಯ. ನೀರು ಕಡಿಮೆಯಾಗಿ ಬಿಪಿ ಇಳಿದಿದ್ದರೆ ಸಾಮಾನ್ಯವಾಗಿ ಬಡಿತ ಚೆನ್ನಾಗಿ ಏರುತ್ತದೆ. ನರದ ತೊಂದರೆಯಾದರೆ ಬಿಪಿ 20 ಇಳಿದರೂ ಬಡಿತ 10 ಕೂಡ ಏರದೇ ಇರಬಹುದು. ಅಣ್ಣನಿಗೆ ಹೀಗೇ ಆಗುತ್ತಿತ್ತು.

ಈ ಮಷೀನಿನಿಂದ ಕಾಯಿಲೆ ತೀರ್ಮಾನ ಆಗುವುದಿಲ್ಲ. ಒಂದು ಸಲ ಅಳೆಯಲು ಅರ್ಧದಿಂದ ಒಂದು ನಿಮಿಷ ಹಿಡಿಯುತ್ತದೆ, ಹಾಗಾಗಿ ಎದ್ದ ಕ್ಷಣದಲ್ಲೇ ಇಳಿದು ಏರುವ ಬಿಪಿ ಇದಕ್ಕೆ ಸಿಗುವುದಿಲ್ಲ. ನರಗಳ ಪರೀಕ್ಷೆಯೇ ಬೇರೆ: ಇಸಿಜಿ ಹಾಕಿ ನಿಮಿಷಕ್ಕೆ ಆರು ಸಲ ನಿಧಾನವಾಗಿ ಉಸಿರಾಡಿಸಿ, ಬಡಿತ ಎಷ್ಟು ಏರಿಳಿಯುತ್ತದೆ ಅಂತ ನೋಡುತ್ತಾರೆ.

ಅಳತೆ ಬರೆದಿಟ್ಟ ನಮ್ಮ ಪುಸ್ತಕ ನೋಡಿದ ಡಾಕ್ಟರು ಇಸಿಜಿ, ಶುಗರ್, ಬಿ12 ಮಾಡಿಸಿದರು. ಕಾಲುರಿಗೆ ರಾತ್ರಿ ತೆಗೆದುಕೊಳ್ಳುತ್ತಿದ್ದ ಅಮಿಟ್ರಿಪ್ಟಿಲಿನ್ ಕೂಡ ನಿಂತಾಗ ಬಿಪಿ ಇಳಿಸುತ್ತದಂತೆ, ಅದನ್ನು ಬದಲಿಸಿದರು. ಈಗ ಅಣ್ಣ ಮಂಚದ ತುದಿಗೆ ಸ್ವಲ್ಪ ಕೂತು, ನೀರು ಕುಡಿದು ಏಳುತ್ತಾನೆ, ಕಣ್ಣಿಗೆ ಕತ್ತಲೆ ಬರುವುದು ಎಷ್ಟೋ ಕಡಿಮೆಯಾಗಿದೆ. ಯಾವ ಗುಳಿಗೆಯನ್ನೂ, ಅದರಲ್ಲೂ ಎಆರ್‌ಟಿಯನ್ನು, ನೀವೇ ನಿಲ್ಲಿಸಬೇಡಿ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ ಪಟ್ಟಿ ಕಟ್ಟುತ್ತಾ ಕೂರಬೇಡಿ, ಮೊದಲು 108ಕ್ಕೆ ಫೋನ್ ಮಾಡಿ.