ಹಳೇ ಟಾಪ್ ಲೋಡ್ ವಾಷಿಂಗ್ ಮಷೀನ್, ಈಗ್ಲೂ ತಗೊಳ್ಬಹುದಾ?

1990ರ ದಶಕದ ಟಾಪ್ ಲೋಡು, ನಡುವಲ್ಲಿ ಕಂಬದ ಹಾಗೆ ಅಜಿಟೇಟರ್ ಇರುವಂಥದ್ದು, ನಮ್ಮ ಬದಿಯಡ್ಕದ ಮನೆ ಹಿಂದಿನ ಚಾವಡಿಯಲ್ಲಿ ಈಗ್ಲೂ ಓಡ್ತಾ ಉಂಟು. ಕಂಪೆನಿ ಸ್ಟಿಕ್ಕರ್ ಯಾವಾಗ್ಲೋ ಹೋಗಿದೆ, ಹೆಸರು ಕೇಳ್ಬೇಡಿ.

ಇದ್ರ ಮಜಾ ಮುಚ್ಚಳ ತೆಗೆದು ನೋಡಿದ್ರೇ ಗೊತ್ತಾಗುದು ಮಾರಾಯ್ರೇ, ಕಂಬ ಸ್ವಲ್ಪ ಆಚೆ ಸ್ವಲ್ಪ ಈಚೆ ತಿರುಗ್ತದೆ, ಬಟ್ಟೆ ಕಂಬದ ಬುಡಕ್ಕೆ ಇಳಿದು ಬದಿಯಿಂದ ಮೇಲೆ ಬರ್ತದೆ, ತೋಟಕ್ಕೆ ಹೋದ ಮುಂಡು ಮುಳುಗಿತು ಅನ್ನುವಾಗ ಬೈರಾಸು ತೇಲ್ತದೆ, ನೊರೆ ಕೆಂಪಾಗುದು ಕಣ್ಣೆದುರೇ ಕಾಣ್ತದೆ. ನಡುವೆ ಒಂದು ಸಾಕ್ಸ್ ನೆನಪಾದ್ರೆ ಹಾಕಿದ್ರಾಯ್ತು, ಬಾಗಿಲು ಲಾಕ್ ಅಂತ ಕಾಯ್ಲಿಕ್ಕಿಲ್ಲ.

ಟೈಮರ್ ಅಂದ್ರೆ ಕರಕರ ಅಂತ ತಿರುಗಿಸುವ ನಾಬು. ಒಳಗೆ ಸಣ್ಣ ಮೋಟಾರು ಚಕ್ರ ತಿರುಗಿಸ್ತಾ ಸ್ವಿಚ್ಚುಗಳನ್ನು ಒತ್ತುದು, ಸರ್ಕ್ಯೂಟ್ ಬೋರ್ಡೇ ಇಲ್ಲ, ಹಾಗಾಗಿ ಅಕ್ಟೋಬರ್ ಸಿಡಿಲಿಗೆ ಬೋರ್ಡ್ ಸುಟ್ಟಿತು ಅನ್ನುವ ಗೋಳಿಲ್ಲ. ಬೆಲ್ಟು, ಕಂಡೆನ್ಸರು ಹೋದ್ರೆ ಕಾಸರಗೋಡು ಪೇಟೆಯಲ್ಲಿ ಹುಡುಕಿದ್ರೆ ಸಿಗ್ತದೆ.

ನೀರು ಮಾತ್ರ ಕುಡೀತದೆ ಸಿಕ್ಕಾಪಟ್ಟೆ! ಏಪ್ರಿಲ್ ಮೇಯಲ್ಲಿ ಬಾವಿ ತಳ ಕಾಣುವಾಗ ನಾವು ಮುಟ್ಟುದೇ ಇಲ್ಲ. ಸೀರೆ ಕಂಬಕ್ಕೆ ಸುತ್ತಿಕೊಳ್ತದೆ, ನೀರು ಹಿಂಡುವ ಸ್ಪಿನ್ನೂ ಈಗಿನ ಫ್ರಂಟ್ ಲೋಡಿನ ಹಾಗೆ ನಿಮಿಷಕ್ಕೆ 1,000-1,400 ಸುತ್ತು ಎಲ್ಲ ಇಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗುದು ದೇವರಿಗೇ ಪ್ರೀತಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಮೊದ್ಲು ಅಡಿಯಲ್ಲಿ ತುಕ್ಕು ಉಂಟಾ ನೋಡಿ, ಟಬ್ಬನ್ನು ಕೈಯಲ್ಲಿ ತಿರುಗಿಸಿ, ಬೇರಿಂಗ್ ಗರಗರ ಅಂದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬೇಡ.