ಸೋಲಾರ್ ವಾಟರ್ ಹೀಟರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಟೆರೇಸ್ ಹತ್ತಿ ನೋಡಿ

ನಮ್ಮದು ತುಮಕೂರಿನಲ್ಲಿ 30×40 ಸೈಟಿನ ಮನೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾವು. 2024ರಲ್ಲಿ ಮನೆ ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಪೂರ್ತಿ ಖಾಲಿಯಾಗಿತ್ತು. ಆದರೂ ಸೋಲಾರ್ ಬೇಕೇ ಬೇಕು ಅಂತ ಹಾಕಿಸಿದೆವು. ಬೋರ್‌ವೆಲ್ ನೀರು, ಎರಡು ಬಚ್ಚಲುಮನೆ, ಬೆಳಿಗ್ಗೆ ಆರು ಜನರ ಸ್ನಾನ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದೂವರೆ ಗಂಟೆ ಓಡಿದರೂ ತಿಂಗಳಿಗೆ 90 ಯೂನಿಟ್ ಆಗುತ್ತದೆ. ಹಾಗಾಗಿ ಸೋಲಾರ್ ಹಾಕಿಸಿದ್ದು ತಪ್ಪಲ್ಲ. ಹಾಕಿಸಿದ ರೀತಿ ತಪ್ಪಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೊಬ್ಬರಿಗೆ ಹೀಗಾಗದಿರಲಿ ಅಂತ.

ಅಂಗಡಿಯವರು 200 ಲೀಟರ್, ಗಾಜಿನ ಟ್ಯೂಬಿನ ಮಾಡೆಲ್ ತೋರಿಸಿದರು. 'ಫಿಟ್ಟಿಂಗ್ ಎಲ್ಲಾ ಸೇರಿ 31,000' ಅಂದರು. ಮನೆ ನೋಡಲು ಯಾರೂ ಬರಲಿಲ್ಲ. ಫೋನಿನಲ್ಲಿ ಎರಡು ಫೋಟೋ ಕಳಿಸಿ ಅಂದರು, ಕಳಿಸಿದೆ. ಜೊತೆಗೆ 'ಪಿಎಂ ಸೂರ್ಯ ಘರ್ ಸಬ್ಸಿಡಿ ಬರುತ್ತೆ ಸರ್' ಅಂತಲೂ ಹೇಳಿದರು. ಇದು ಶುದ್ಧ ಸುಳ್ಳು. ಆ ಯೋಜನೆ ಇರುವುದು ಚಾವಣಿಯ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ. 78,000 ರೂಪಾಯಿವರೆಗೆ ಸಿಗುವ ಸಹಾಯಧನವೂ ಅದಕ್ಕೇ. ನೀರು ಕಾಯಿಸುವ ಸೋಲಾರ್‌ಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ನಮಗೆ ಬರುವುದು ಕರೆಂಟ್ ಬಿಲ್ಲಿನ ಸಣ್ಣ ರಿಯಾಯಿತಿ ಮಾತ್ರ. ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಇದು ಗೊತ್ತಾಗಿದ್ದು ದುಡ್ಡು ಕಟ್ಟಿದ ಮೇಲೆ.

'ಫಿಟ್ಟಿಂಗ್ ಸೇರಿ' ಅನ್ನುವ ಮಾತಿನ ಅರ್ಥವೂ ಆಮೇಲೆಯೇ ತಿಳಿಯಿತು. ಸ್ಟ್ಯಾಂಡ್ ಮೇಲೆ ಟ್ಯಾಂಕ್ ಕೂರಿಸಿ, ಟ್ಯೂಬ್ ಸಿಕ್ಕಿಸಿ ಹೋಗುವುದಷ್ಟೇ ಅವರ ಲೆಕ್ಕದಲ್ಲಿ ಫಿಟ್ಟಿಂಗ್. ಅಲ್ಲಿಂದ ಬಚ್ಚಲುಮನೆಗೆ ಬಿಸಿನೀರಿನ ಸಿಪಿವಿಸಿ ಪೈಪ್, ವಾಲ್ವ್, ಪ್ಲಂಬರ್ ಕೂಲಿ ಎಲ್ಲ ನಮ್ಮದು. ಅದಕ್ಕೆ 11,000 ಆಯಿತು. ನೆರಳು ಬೀಳದ ಜಾಗ ಅಂತ ಸೋಲಾರನ್ನು ಟೆರೇಸಿನ ಆ ತುದಿಗೆ ಇಟ್ಟರು. ದಕ್ಷಿಣಕ್ಕೆ ಮುಖ ಮಾಡಿ ಇಟ್ಟಿದ್ದು ಸರಿಯೇ. ಆದರೆ ಕೆಳಗಿನ ಬಚ್ಚಲುಮನೆ ಈ ತುದಿಯಲ್ಲಿದೆ. ಪೈಪ್ 25 ಮೀಟರ್ ದಾಟಿತು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರ್‌ಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಅಂದರೆ ಬಿಸಿನೀರು ಬರುವ ಮುಂಚೆ ದಿನವೂ ಆರು ಲೀಟರ್ ತಣ್ಣೀರು ಬರುತ್ತದೆ. ಅಮ್ಮ ಈಗಲೂ ಅದನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆಗೆ ಬಳಸುತ್ತಾರೆ.

ಗೃಹಪ್ರವೇಶವಾಗಿ ಎರಡು ತಿಂಗಳಿಗೆ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಳೆಯ ತಾಮ್ರದ ಹಂಡೆ ತೊಳೆದು, ನೀರು ತುಂಬಿ, ಹೂವಿಟ್ಟು ಪೂಜೆ ಮಾಡಿದರು. ಮರುದಿನ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಮಕ್ಕಳು ಸಾಲಾಗಿ ಕೂತಿದ್ದಾರೆ, ನಲ್ಲಿಯಲ್ಲಿ ನೂಲಿನಷ್ಟು ನೀರು! ಹಿಂದಿನ ದಿನ ಚೆನ್ನಾಗಿ ಬಿಸಿಲು ಕಾದಿತ್ತು. ಮೇಲೆ ಹೋಗಿ ನೋಡಿದರೆ ಸೋಲಾರ್ ಟ್ಯಾಂಕ್ ಬಿಸಿಯಾಗಿಯೇ ಇದೆ. ಆದರೂ ನೀರು ಕೆಳಗೆ ಇಳಿಯುತ್ತಿಲ್ಲ.

ಕಾರಣ ತುಂಬಾ ಸರಳ. ಈ ಮಾಡೆಲ್‌ನಲ್ಲಿ ಪಂಪ್ ಇರುವುದಿಲ್ಲ. ತಣ್ಣೀರಿನ ಟ್ಯಾಂಕಿನಿಂದ ನೀರು ತನ್ನ ಭಾರಕ್ಕೆ ತಾನೇ ಸೋಲಾರ್ ಟ್ಯಾಂಕಿಗೆ ಬರಬೇಕು. ಹಾಗೆ ಬಂದ ನೀರು ಬಿಸಿನೀರನ್ನು ಮೇಲಕ್ಕೆ ನೂಕಿ ಹೊರಗೆ ಕಳಿಸುತ್ತದೆ. ಅದಕ್ಕೇ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ನಮ್ಮ 1,000 ಲೀಟರ್ ಟ್ಯಾಂಕ್ ಇದ್ದದ್ದು ಎರಡಡಿ ಇಟ್ಟಿಗೆ ಕಟ್ಟೆಯ ಮೇಲೆ. ಅದು ತುಂಬಿದ್ದಾಗ ಬಿಸಿನೀರು ಬರುತ್ತಿತ್ತು, ಅರ್ಧಕ್ಕಿಳಿದರೆ ನಿಂತು ಹೋಗುತ್ತಿತ್ತು. ನಾನು ಕಳಿಸಿದ ಫೋಟೋದಲ್ಲೇ ಆ ಕಟ್ಟೆ ಕಾಣುತ್ತಿತ್ತು. ಅದನ್ನು ಅವರು ಆಗಲೇ ಹೇಳಬೇಕಿತ್ತು, ಅಲ್ವಾ?

ಅಂಗಡಿಗೆ ಫೋನ್ ಮಾಡಿದರೆ 'ಅದು ಪ್ಲಂಬಿಂಗ್ ವಿಷಯ' ಅಂದರು. ಪ್ಲಂಬರ್ ಬಂದು, ಒಂದು ಪ್ರೆಷರ್ ಪಂಪ್ ಹಾಕಿದರೆ ಸರಿ ಹೋಗುತ್ತೆ ಅಂದ. 7,500 ಕೊಟ್ಟು ಹಾಕಿಸಿದೆ. ಶವರ್‌ನಲ್ಲಿ ನೀರು ಜೋರಾಗಿ ಬಂತು, ಖುಷಿಯೂ ಆಯಿತು. ಆದರೆ ಟೆರೇಸ್ ಮೇಲಿನ ಗಾಳಿ ಕೊಳವೆಯಿಂದ, ಅದನ್ನೇ ಏರ್ ವೆಂಟ್ ಅನ್ನುತ್ತಾರೆ, ನೀರು ಚಿಮ್ಮತೊಡಗಿತು. ಪ್ಲಂಬರ್ ಮತ್ತೆ ಬಂದು ಅದರ ಬಾಯಿಗೆ ಒಂದು ಕ್ಯಾಪ್ ಹಾಕಿದ. ನೀರು ನಿಂತಿತು. ನಾನೂ ಪಕ್ಕದಲ್ಲೇ ನಿಂತಿದ್ದೆ, ಏನೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ ಅದೇ. ಪಂಪ್ ಇಲ್ಲದೆ ಕೆಲಸ ಮಾಡುವ ಈ ಟ್ಯಾಂಕಿನ ಒಳಗಿನ ತಗಡು ತೆಳ್ಳಗಿರುತ್ತದೆ. ಒತ್ತಡ ತಡೆಯಲು ಅದನ್ನು ಮಾಡಿರುವುದಿಲ್ಲ. ನೀರು ಕಾದಾಗ ಹಿಗ್ಗುತ್ತದೆ, ಆವಿ ಏಳುತ್ತದೆ. ಅದು ಹೊರಗೆ ಹೋಗಲು ಇರುವ ದಾರಿ ಆ ವೆಂಟ್ ಒಂದೇ. ಉಲ್ಟಾ ಕೂಡ ನಡೆಯುತ್ತದೆ. ತಣ್ಣೀರು ಬರುವುದು ನಿಂತು, ಕೆಳಗೆ ಯಾರಾದರೂ ನಲ್ಲಿ ತೆಗೆದರೆ, ಒಳಗೆ ಗಾಳಿ ಬರಲು ಜಾಗವಿಲ್ಲದೆ ಟ್ಯಾಂಕ್ ಖಾಲಿ ಪ್ಲಾಸ್ಟಿಕ್ ಬಾಟಲಿಯ ಹಾಗೆ ಒಳಕ್ಕೆ ಕುಗ್ಗುತ್ತದೆ. ನಮ್ಮದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ವೆಲ್ಡಿಂಗ್ ಜಾಗದಲ್ಲಿ ಬಾಯಿ ಬಿಟ್ಟಿತು. ಕುದಿಯುವಂಥ ನೀರು ಟೆರೇಸ್ ತುಂಬಾ ಹರಿಯಿತು. ಹತ್ತು ನಿಮಿಷ ಮುಂಚೆ ಅಮ್ಮ ಅಲ್ಲೇ ಹಪ್ಪಳ ಒಣಗಿ ಹಾಕುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಕಂಪನಿಯವರು ಬಂದು ಕ್ಯಾಪ್ ನೋಡಿದರು, ಪಂಪ್ ನೋಡಿದರು, ವಾರಂಟಿ ಇಲ್ಲ ಅಂದರು. ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಅದು ಬರೆದೂ ಇತ್ತು. ಹೊಸ ಟ್ಯಾಂಕಿಗೆ 16,000. ಅದನ್ನು ಕೂರಿಸಿದವನು ಮಟಮಟ ಮಧ್ಯಾಹ್ನ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಏನಾಗುತ್ತೆ ಹೇಳಿ? ಮೂರು ಟ್ಯೂಬ್ ಸೀಳಿತು. ಇನ್ನೂ 1,800. ಈ ಕೆಲಸವನ್ನು ಬೆಳಗಿನ ಜಾವವೋ ಕತ್ತಲಾದ ಮೇಲೋ ಮಾಡಿಸಿ. ಹಗಲಿನಲ್ಲೇ ಆಗಬೇಕಿದ್ದರೆ ಟ್ಯೂಬುಗಳ ಮೇಲೆ ದಪ್ಪ ಬಟ್ಟೆ ಹೊದಿಸಿ ತಣ್ಣಗಾಗಲು ಬಿಡಿ.

ಮೋಡದ ದಿನಗಳಿಗೆ ಅಂತ ಟ್ಯಾಂಕಿನೊಳಗೆ 2 ಕಿಲೋವ್ಯಾಟ್ ಕಾಯಿಲ್ ಇದೆ. ಮೊದಲಿಗೆ ಆ ಕಾಯಿಲ್‌ಗೆ ಟೆರೇಸ್ ಲೈಟಿನ ವೈರಿನಿಂದಲೇ ಕನೆಕ್ಷನ್ ಕೊಟ್ಟಿದ್ದರು. ಆ ಕಾಯಿಲ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಲೈಟಿನ ವೈರು ಮುಟ್ಟಿದರೆ ಸುಡುತ್ತಿತ್ತು. ಈಗ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿದ್ದೇವೆ. 4 ಚದರ ಮಿಲಿಮೀಟರ್ ವೈರು, ಬೇರೆ ಎಂಸಿಬಿ, ಸರಿಯಾದ ಅರ್ತಿಂಗ್, ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ಖರ್ಚು 6,800. ನೀರಿನೊಳಗೆ ಮುಳುಗಿರುವ ಕಾಯಿಲ್ ಇದು. ಇಲ್ಲಿ ಮಾತ್ರ ದಯವಿಟ್ಟು ದುಡ್ಡು ಉಳಿಸಲು ಹೋಗಬೇಡಿ. 200 ಲೀಟರ್ ಪೂರ್ತಿ ಕಾಯಲು ನಾಲ್ಕು ಗಂಟೆ ಬೇಕು ಅನ್ನುವುದೂ ನೆನಪಿರಲಿ.

ಕೊನೆಗೆ ಮಾಡಿಸಿದ್ದು ಮೊದಲೇ ಮಾಡಿಸಬೇಕಾಗಿದ್ದ ಕೆಲಸ. ತಣ್ಣೀರಿನ ಟ್ಯಾಂಕಿಗೆ ಎಂಟು ಅಡಿ ಕಬ್ಬಿಣದ ಸ್ಟ್ಯಾಂಡ್. ತುಂಬಿದ ಟ್ಯಾಂಕ್ ಒಂದು ಟನ್ ಭಾರ. ಹಾಗಾಗಿ ಮನೆ ಕಟ್ಟಿದ ಮೇಸ್ತ್ರಿಯನ್ನೇ ಕರೆಸಿ, ಪಿಲ್ಲರ್ ಎಲ್ಲಿದೆ ಅಂತ ತೋರಿಸಿಕೊಂಡು ಅಲ್ಲೇ ನಿಲ್ಲಿಸಿದೆವು. ಅದಕ್ಕೆ 14,500. ಒಟ್ಟು ಲೆಕ್ಕ ಹಾಕಿದರೆ 88,600. ಮೊದಲೇ ಸರಿಯಾಗಿ ಮಾಡಿದ್ದರೆ 63,300ಕ್ಕೆ ಮುಗಿಯುತ್ತಿತ್ತು. ಆದರೆ ಅದೂ 31,000ದ ಎರಡರಷ್ಟು, ನೋಡಿ. ಅಂಗಡಿಯಲ್ಲಿ ಹೇಳುವ ಬೆಲೆ ನಂಬಿ ಬಜೆಟ್ ಹಾಕಿದರೆ ನಮ್ಮ ಹಾಗೆ ಸಾಲ ಮಾಡಬೇಕಾಗುತ್ತದೆ.

ನೀರಿನ ಗಡಸುತನವನ್ನೂ ಮೊದಲೇ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುತ್ತದೆ. ತಾಮ್ರದ ಸಣ್ಣ ಕೊಳವೆಗಳ ಪ್ಯಾನೆಲ್ ಆದರೆ ಅದೇ ಬಿಳಿ ಒಳಗೆ ಕಟ್ಟಿಕೊಂಡು ನೀರು ಓಡಾಡುವುದೇ ನಿಲ್ಲುತ್ತದೆ. ಗಾಜಿನ ಟ್ಯೂಬ್ ಆದರೆ ಬಿಚ್ಚಿ ತೊಳೆಯಬಹುದು. ಅದೊಂದು ಆಯ್ಕೆ ಮಾತ್ರ ನಮ್ಮಲ್ಲಿ ಸರಿಯಾಗಿತ್ತು.

ಅಡ್ವಾನ್ಸ್ ಕೊಡುವ ಮುಂಚೆ ಅಂಗಡಿಯವರನ್ನೂ ನಿಮ್ಮ ಪ್ಲಂಬರನ್ನೂ ಒಟ್ಟಿಗೆ ಟೆರೇಸ್ ಮೇಲೆ ನಿಲ್ಲಿಸಿ. ಟೇಪ್ ಹಿಡಿದು ಎತ್ತರ ಅಳೆಸಿ. ಪೈಪ್, ಸ್ಟ್ಯಾಂಡ್, ವೈರಿಂಗ್ ಯಾರ ಖರ್ಚು ಅಂತ ಬಿಲ್ಲಿನಲ್ಲೇ ಬರೆಸಿ. ಬಾಯಿ ಮಾತು ಬೇಡ. ಮನೆಗೆ ಪ್ರೆಷರ್ ಪಂಪ್ ಬೇಕು ಅಂತಿದ್ದರೆ, ಒತ್ತಡ ತಡೆಯುವ ಮಾಡೆಲನ್ನೇ ಕೇಳಿ. ಬೆಲೆ ಜಾಸ್ತಿ, ಆದರೆ ಅದಕ್ಕೆಂದೇ ಮಾಡಿದ್ದು.

ಈಗಾಗಲೇ ನಮ್ಮಂಥ ಮಾಡೆಲ್ ಸೋಲಾರ್ ಇರುವವರು ಇವತ್ತು ಸಂಜೆ ಒಂದು ಸಲ ಮೇಲೆ ಹೋಗಿ ಬನ್ನಿ. ಟ್ಯಾಂಕಿನಿಂದ ನೇರ ಮೇಲಕ್ಕೆ ನಿಂತಿರುವ ಕೊಳವೆಯ ಬಾಯಿ ತೆರೆದಿರಬೇಕು. ಅಲ್ಲಿ ಕ್ಯಾಪ್ ಕಂಡರೆ ನೀವೇ ಕೈ ಹಾಕಬೇಡಿ, ಒಳಗೆ ಬಿಸಿ ಆವಿ ಇರುತ್ತದೆ. ಪಂಪ್ ಇದ್ದರೆ ಆಫ್ ಮಾಡಿ, ನಾಳೆ ಬಿಸಿಲೇರುವ ಮುಂಚೆಯೇ ಸೋಲಾರ್ ಕೆಲಸ ಗೊತ್ತಿರುವವರನ್ನು ಕರೆಸಿ ತೆಗೆಸಿ. ಅಲ್ಲಿಯವರೆಗೆ ಮಕ್ಕಳನ್ನು ಟೆರೇಸಿಗೆ ಬಿಡಬೇಡಿ.