ಎರೆ ಮಣ್ಣಿಗೆ ಸೋತ ಪುಟ್ಟ ಸಲಿಕೆ

ವಿಜಯಪುರದ ನಮ್ಮ ಮನೆಯ ಹಿಂದೆ ಎರಡು ನಿಂಬೆ ಗಿಡ, ಒಂದು ದಾಸವಾಳ, ಎರಡು ಜಮಖಾನೆ ಹಾಸಿದಷ್ಟು ಹುಲ್ಲು. ಇಷ್ಟಕ್ಕೆ ಆನ್‌ಲೈನಿನಲ್ಲಿ 899 ರೂಪಾಯಿಯ ಐದು ಸಲಕರಣೆಗಳ ಸೆಟ್ ತರಿಸಿದೆ. ಪೆಟ್ಟಿಗೆ ಬಹಳ ಚೆಂದ. ಸಲಿಕೆ ಮಾತ್ರ ಮೂರನೆಯ ದಿನವೇ ಕತ್ತು ಬಗ್ಗಿಸಿತು. ಅರ್ಧ ತಪ್ಪು ನನ್ನದು: ಕುಂಡದ ಮಣ್ಣಿಗೆಂದು ಮಾಡಿದ ತಗಡನ್ನು ಏಪ್ರಿಲ್ ಬಿಸಿಲಿಗೆ ಬಿರುಕು ಬಿಟ್ಟ ಎರೆಗೆ ಇಳಿಸಿದ್ದೆ. ಈ ಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಹಿಂದಿನ ಸಂಜೆ ನೀರು ಬಿಟ್ಟು, ಮರುದಿನ ಹದ ನೋಡಿ ಅಗೆಯಬೇಕು. ಅದೂ ಕಮ್ಮಾರ ಬಡಿದು ಕೊಟ್ಟ ಕುರ್ಪಿಯಿಂದ. ನನ್ನದು 120 ರೂಪಾಯಿಗೆ ಬಂತು, ಇನ್ನೂ ಬಾಗಿಲ್ಲ.

ಸೆಟ್ಟಿನಲ್ಲಿ ಮೆಚ್ಚಿದ್ದು ಕತ್ತರಿ ಒಂದೇ. ಅಲಗು ಅಲಗಿನ ಪಕ್ಕ ಜಾರುವ ಬೈಪಾಸ್ ಮಾದರಿ. ಹಸಿ ಟೊಂಗೆಯನ್ನು ಜಜ್ಜದೆ ಕತ್ತರಿಸುತ್ತದೆ. ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುವ ಆನ್ವಿಲ್ ಮಾದರಿ ಒಣ ಕಡ್ಡಿಗೆ ಸರಿ, ನಿಂಬೆಗೆ ಬೇಡ. ಬಟ್ಟೆಯ ಕೈಗವಸನ್ನು ನಿಂಬೆ ಮುಳ್ಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹುಲ್ಲಿಗೆ ಯಂತ್ರ ಕೊಳ್ಳುವಂತೆ ಅಂಗಡಿಯವರೊಬ್ಬರು ಅರ್ಧ ಗಂಟೆ ಒತ್ತಾಯಿಸಿದರು. ಎರಡು ಜಮಖಾನೆಗೆ ಮೋಟಾರು ಏಕೆ? ಅಜ್ಜಿಯ ಕುಡುಗೋಲನ್ನೇ ಸಾಣೆ ಹಿಡಿಸಿದ್ದೇನೆ.